ಸಮ ಬಂದರೆ ಕಪ್ಪು

ಪುಟ್ಟಿಗೆ ನಲವತ್ತೊಂದು ವರ್ಷ. ಹೆಸರಿನ ಮುಂದೆ ಡಾಕ್ಟರ್ ಸೇರಿಕೊಂಡು ಹನ್ನೆರಡು ವರ್ಷವಾಗಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಕ್ಕ ಹೊಲಿಗೆಯವಳು, ಮನೆಯ ಕೆಳಗಿನ ಕೋಣೆಯೇ ಅವಳ ಅಂಗಡಿ. ಅಂದು ಸಂಜೆ ನಾಲ್ಕಕ್ಕೆ ಪುಟ್ಟಿ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ಮಾತಾಡಬೇಕಿತ್ತು. ಅದಕ್ಕೆ ಹಾಕಿಕೊಳ್ಳುವ ಕೋಟಿನ ತೋಳು ಉದ್ದವಾಯಿತೆಂದು ಬೆಳಿಗ್ಗೆ ಹತ್ತಕ್ಕೇ ಅಕ್ಕನ ಮುಂದೆ ಬಂದು ಕುಳಿತಿದ್ದಳು.

ಕೈಕಾಲು ಸುಮ್ಮನಿರದ ತಂಗಿಯನ್ನು ನೋಡಿ ಅಕ್ಕ, ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಚೂರುಗಳನ್ನು ಪಕ್ಕಕ್ಕೆ ಸರಿಸಿ ಆಟದ ಹಲಗೆ ಹಾಸಿದಳು. "ಒಂದು ಆಟ ಆಡು. ಇಲ್ಲಾಂದ್ರೆ ನನ್ನ ಸೂಜೀನ ನೋಡ್ತಾ ನೋಡ್ತಾ ನನ್ನ ಕೈನೂ ನಡುಗಿಸ್ತೀಯ."

ಕಪ್ಪು ಬಿಳಿ ಬಿಲ್ಲೆಗಳ ಆಟ ಅದು. ನಡುವೆ ನಾಲ್ಕು ಬಿಲ್ಲೆ ಇಟ್ಟು ಶುರು. ಎದುರಾಳಿಯ ಬಿಲ್ಲೆಗಳನ್ನು ಎರಡು ಕಡೆಯಿಂದ ಸಿಕ್ಕಿಸುವ ಹಾಗೆ ತಮ್ಮದೊಂದನ್ನು ಇಟ್ಟರೆ, ಸಿಕ್ಕವೆಲ್ಲ ಮಗುಚಿ ತಮ್ಮ ಬಣ್ಣವಾಗುತ್ತವೆ. ಸಿಕ್ಕಿಸಲು ಜಾಗವೇ ಇಲ್ಲದಿದ್ದರೆ ಸರದಿ ಬಿಡಬೇಕು. ಪುಟ್ಟಿ ಏಳು ವರ್ಷದಿಂದ ಈ ಆಟವನ್ನೇ ಕಟ್ಟಿಕೊಂಡಿದ್ದಳು. ಅವಳು ಬರೆದ ಪ್ರೋಗ್ರಾಮು ಹದಿನಾಲ್ಕು ತಿಂಗಳು ಓಡಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಮೊದಲು ಇಡುವ ಕಪ್ಪೇ ಗೆಲ್ಲುತ್ತದೆ ಎಂದು ಉತ್ತರ ಕೊಟ್ಟಿತ್ತು. ಆ ಉತ್ತರ ಪ್ರಬಂಧವಾಗಿ ಅಚ್ಚಾಗಿತ್ತು; ಅದನ್ನು ಊರಿಗೆಲ್ಲ ಸಾರುವ ದಿನ ಇವತ್ತು.

"ಅಷ್ಟೊಂದು ಆಟ ಅದು ಹೆಂಗೆ ನೋಡಿ ಮುಗಿಸ್ತು?" ತುಟಿಯ ಮಧ್ಯೆ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಅಕ್ಕ ಕೇಳಿದಳು.

"ಎಲ್ಲಾ ನೋಡಲ್ಲ ಅಕ್ಕ. ದಾರಿ ಬೇರೆ ಬೇರೆ ಆದ್ರೂ ಹಲಗೆ ಮೇಲೆ ಅದೇ ಚಿತ್ರ ತುಂಬ ಸಲ ಬರುತ್ತೆ. ಒಂದು ಸಲ ಲೆಕ್ಕ ಹಾಕಿದ ಮೇಲೆ, ಈ ಚಿತ್ರಕ್ಕೆ ಇದು ಉತ್ತರ ಅಂತ ಬರೆದಿಟ್ಕೊಳ್ಳುತ್ತೆ. ಮತ್ತೆ ಬಂದ್ರೆ ಪುಸ್ತಕ ತೆಗೆದು ನೋಡುತ್ತೆ, ಅಷ್ಟೇ."

"ನಾನು ಗಿರಾಕಿಗಳ ಅಳತೆ ಬರ್ಕೊಂಡಂಗೆ."

"ಹಂಗೇ. ಆದ್ರೆ ನನ್ನ ಪುಸ್ತಕದಲ್ಲಿ ಜಾಗ ಸಾಲ್ತಿರ್ಲಿಲ್ಲ. ಆಗ ಒಂದು ಉಪಾಯ ಮಾಡಿದೆ." ಪುಟ್ಟಿಯ ಮುಖ ಅರಳಿತು, ಈ ಮಾತು ಬಂದಾಗಲೆಲ್ಲ ಅರಳುತ್ತಿತ್ತು. "ಸರದಿ ಯಾರದು ಅಂತ ಬರೆಯೋದನ್ನೇ ಬಿಟ್ಟುಬಿಟ್ಟೆ. ಯಾಕೆ ಬೇಕು? ಬಿಲ್ಲೆ ಎಣಿಸಿದ್ರೆ ಗೊತ್ತಾಗುತ್ತೆ. ಸಮ ಬಂದ್ರೆ ಕಪ್ಪು ಆಡ್ಬೇಕು, ಬೆಸ ಬಂದ್ರೆ ಬಿಳಿ. ನಮ್ಮ ಸರ್ ಇದನ್ನ ಎಷ್ಟು ಹೊಗಳಿದ್ರು ಗೊತ್ತಾ?"

"ನಿನ್ನ ಸರ್ ಹೊಗಳಿದ್ರು ಅಂದ್ರೆ ಅವತ್ತು ಅವರಿಗೆ ಜ್ವರ ಇತ್ತೇನೋ," ಎಂದ ಅಕ್ಕ ಹಲಗೆ ನೋಡಿದಳು. ಬಿಳಿ ಅವಳದು; ಮಾತಿನ ನಡುವೆಯೇ ಪುಟ್ಟಿ ಒಂದು ಕಪ್ಪು ಇಟ್ಟಾಗಿತ್ತು. ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ, "ನಂಗೆ ಎಲ್ಲೂ ಜಾಗ ಇಲ್ಲ. ಬಿಟ್ಟೆ. ನೀನೇ ಆಡು," ಎಂದು ಕೋಟಿಗೆ ಮರಳಿದಳು.

ಪುಟ್ಟಿ ಇನ್ನೊಂದು ಕಪ್ಪು ಇಟ್ಟಳು. ಅಕ್ಕ ದಾರ ಹಲ್ಲಿನಲ್ಲಿ ಕಡಿದು, ಬೆರಳು ತೋರಿಸುತ್ತ ಬಿಲ್ಲೆ ಎಣಿಸತೊಡಗಿದಳು. ತಂಗಿಯನ್ನು ಕೆಣಕುವುದಷ್ಟೇ ಅವಳ ಉದ್ದೇಶ.

"ಇಪ್ಪತ್ತಾರು. ಸಮ. ಸಮ ಅಂದ್ರೆ ಕಪ್ಪು ಅಂದ್ಯಲ್ಲ. ಮತ್ತೆ ನೀನೇನಾ? ಮೂರನೇ ಸಲಾನೂ ನೀನೇ ಆಡ್ತೀಯಾ? ಇದ್ಯಾವ ಸೀಮೆ ನ್ಯಾಯನಮ್ಮ?"

ನಗಲು ಬಾಯಿ ತೆರೆದ ಪುಟ್ಟಿ ಹಲಗೆಯ ಮೇಲೆ ಬಗ್ಗಿದಳು.

ಇಪ್ಪತ್ತಾರು. ತಾನೇ ಒಂದು ಸಲ ಎಣಿಸಿದಳು, ಇನ್ನೊಂದು ಸಲ ಎಣಿಸಿದಳು. ಸರದಿ ಅಕ್ಕನದು. ಲೆಕ್ಕದ ಪ್ರಕಾರ ತನ್ನದು. ಆಟ ನಡೆಸುವಾಗ ಪ್ರೋಗ್ರಾಮಿಗೆ ಸರದಿ ಗೊತ್ತಿತ್ತು. ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಯಾರಾದರೂ ಒಮ್ಮೆ ಸರದಿ ಬಿಟ್ಟಿದ್ದೇ ಆದರೆ, ಅಲ್ಲಿಂದ ಮುಂದೆ ಬಿಳಿಯ ಸರದಿಯ ಚಿತ್ರಕ್ಕೆ ಕಪ್ಪಿನ ಸರದಿಯ ಉತ್ತರ ಬಂದು ಕೂತಿರುತ್ತಿತ್ತು. ಅಂಥ ಎಷ್ಟು ಚಿತ್ರಗಳು? ಕೋಟಿಗಟ್ಟಲೆ ಇರಬಹುದು. ಪರೀಕ್ಷೆಗೆಂದು ಅವಳು ಆರಿಸಿಕೊಂಡದ್ದೆಲ್ಲ ಆಟದ ಮೊದಲ ಹತ್ತಿಪ್ಪತ್ತು ನಡೆಗಳು. ಅಲ್ಲಿ ಸರದಿ ಬಿಡುವ ಪ್ರಸಂಗವೇ ಬಂದಿರಲಿಲ್ಲ.

"ಯಾಕೆ ಬಿಳಿಚಿಕೊಂಡೆ? ಪಿನ್ನು ಚುಚ್ಚಿತಾ?"

"ಅಕ್ಕ, ನಾನು ಹೋಗ್ಬೇಕು."

"ಒಂದು ತೋಳು ಇನ್ನೂ ಇದೆ ಕಣೆ."

ಅಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಪೂರ್ತಿ ಅಳತೆಯ ದೊಡ್ಡ ಹಲಗೆಯ ಲೆಕ್ಕವನ್ನು ಮತ್ತೆ ಮಾಡಲು ಹದಿನಾಲ್ಕು ತಿಂಗಳು ಬೇಕು. ಮೊದಲ ವರ್ಷ ಅಭ್ಯಾಸಕ್ಕೆಂದು ಬಳಸಿದ್ದ ಚಿಕ್ಕ ಹಲಗೆಯೊಂದಿತ್ತು. ಅದಕ್ಕೂ ಅವಳ ಉಪಾಯದ ಪುಸ್ತಕ, ಕಪ್ಪು ಗೆಲ್ಲುತ್ತದೆ ಎಂದೇ ಹೇಳಿತ್ತು. ಪುಟ್ಟಿ ಸರದಿಯ ಗುರುತನ್ನು ಪುಸ್ತಕಕ್ಕೆ ಸೇರಿಸಿ ಓಡಿಸಿದಳು. ಇಪ್ಪತ್ತು ನಿಮಿಷ ಪರದೆಯ ಮೇಲೆ ಅಂಕಿಗಳು ಹರಿದವು. ಆಮೇಲೆ ಒಂದು ಸಾಲು ಬಂದು ನಿಂತಿತು: ಬಿಳಿ.

ಎರಡನೇ ಸಲ ಓಡಿಸಿದಳು. ಬಿಳಿ.

ಉಪಾಯವನ್ನು ಹೊಗಳಿದ್ದ ಸರ್‌ಗೇ, ತನ್ನ ಸಂಶೋಧನೆಯ ಮಾರ್ಗದರ್ಶಕರಿಗೆ, ಫೋನು ಮಾಡಿದಳು. ವಿದ್ಯಾರ್ಥಿನಿಯಾಗಿದ್ದಾಗ ಒಂದು ಮೈನಸ್ ಗುರುತು ತಪ್ಪಿದ್ದಕ್ಕೆ ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದ ಮನುಷ್ಯ ಅವರು. ನಡೆದದ್ದನ್ನೆಲ್ಲ ಹೇಳಿದಳು.

"ಇದು ಬೇರೆ ಯಾರಿಗೆ ಗೊತ್ತು?" ಎಂದರು ಅವರು.

"ನಮ್ಮಕ್ಕನಿಗೆ. ಅವಳಿಗೂ ಗೊತ್ತಿಲ್ಲ ಅನ್ನಿ, ತಮಾಷೆ ಮಾಡಿದ್ದಳು."

"ಸರಿ ಹಾಗಾದ್ರೆ. ನೋಡಮ್ಮ, ಇವತ್ತು ಬಂದು ಮಾತಾಡಿ ಹೋಗು. ಚಿಕ್ಕ ಹಲಗೆ ತಪ್ಪಾದ ಮಾತ್ರಕ್ಕೆ ದೊಡ್ಡದೂ ತಪ್ಪಾಗ್ಬೇಕು ಅಂತಿಲ್ಲವಲ್ಲ. ಆಮೇಲೆ ನಿಧಾನವಾಗಿ ನೋಡ್ಕೊಳ್ಳೋಣ. ಆ ಪ್ರಬಂಧದಲ್ಲಿ ನನ್ನ ಹೆಸರೂ ಇದೆ."

"ಸರ್?" ಎಂದಳು. ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಕಾದಳು.

"ನಾಲ್ಕು ಗಂಟೆಗೆ ಬಾ," ಎಂದು ಅವರು ಫೋನು ಇಟ್ಟರು.

ಆ ಸಾಲು ಪರದೆಯ ಮೇಲೆ ಹಾಗೇ ಇತ್ತು. ಹದಿನೆಂಟು ವರ್ಷ ಆ ಮನುಷ್ಯನಿಗೆ ಹೆದರಿಕೊಂಡೇ ಅವಳು ಒಂದೊಂದು ಸಾಲನ್ನೂ ಮೂರು ಮೂರು ಸಲ ತಿದ್ದುತ್ತಿದ್ದಳು.

ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಮಾರ್ಗದರ್ಶಕರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವಳ ಹೆಸರು ಕರೆದಾಗ ಎದ್ದ ಚಪ್ಪಾಳೆ ನಿಲ್ಲುವುದಕ್ಕೂ ಅವಳು ಕಾಯಲಿಲ್ಲ. ಕಾದರೆ ಧೈರ್ಯ ಉಳಿಯುತ್ತದೆಂಬ ನಂಬಿಕೆ ಇರಲಿಲ್ಲ.

"ನಾನು ಪ್ರಕಟಿಸಿದ ಉತ್ತರಕ್ಕೆ ಈಗ ಆಧಾರ ಇಲ್ಲ," ಎಂದಳು ಮೈಕಿಗೆ. "ತಪ್ಪು ನನ್ನದು. ಇವತ್ತು ಬೆಳಿಗ್ಗೆ ಗೊತ್ತಾಯಿತು."

ಮುಂದಿನ ಸಾಲುಗಳಲ್ಲಿ ಚಪ್ಪಾಳೆ ನಿಂತಿತು. ಮಾರ್ಗದರ್ಶಕರ ಮೇಲಿನ ಕಾಲು ಮೆಲ್ಲಗೆ ನೆಲಕ್ಕಿಳಿಯಿತು. ಹಿಂದಿನ ಸಾಲುಗಳಿಗೆ ಏನೂ ಕೇಳಿಸಿರಲಿಲ್ಲ. ಅಲ್ಲಿ ನಗುಮುಖದಿಂದ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಅದು ಅಡಗಲಿ ಎಂದು ಪುಟ್ಟಿ ಮೈಕಿನ ಕಂಬವನ್ನು ಎರಡು ಕೈಯಲ್ಲೂ ಹಿಡಿದು ಕಾದಳು. ಆಮೇಲೆ ಅದೇ ಮಾತನ್ನು, ಇನ್ನೂ ಗಟ್ಟಿಯಾಗಿ, ಮೊದಲಿನಿಂದ ಹೇಳಿದಳು.