ತಂಗಿಯ ಪಾಲಿನ ಹಾಲು

ಕಲ್ಯಾಣದುರ್ಗದವರು ಈ ಕಥೆಯನ್ನು ಶಿವಲಕ್ಷ್ಮಮ್ಮನ ಭಕ್ತಿಯಿಂದ ಆರಂಭಿಸುತ್ತಾರೆ. ಹಿಂದೂಪುರದವರು ಆರಂಭಿಸುವುದು ಅವಳ ಅಕ್ಕ ಪಂಪಮ್ಮನ ಹೊಟ್ಟೆಕಿಚ್ಚಿನಿಂದ. ಎರಡನ್ನೂ ಕೇಳಿದವರಿಗೆ ಹಿಂದೂಪುರದ ಪಾಠವೇ ಸರಿ ಎನ್ನಿಸುತ್ತದೆ. ಹೊಟ್ಟೆಕಿಚ್ಚು ಇಲ್ಲದಿದ್ದರೆ ಇದರಲ್ಲಿ ಇನ್ನೊಂದು ಹೆಣ ಬೀಳುತ್ತಿತ್ತು.

ಪಂಪಮ್ಮನಿಗೆ ಆಗ ಅರವತ್ತು ದಾಟಿತ್ತು. ಗಂಡ ಮಲ್ಲಿಕಾರ್ಜುನಪ್ಪನಿಗೆ ಹಿಂದೂಪುರದಲ್ಲಿ ಬೆಲ್ಲದ ಮಂಡಿ. ಮನೆ ತುಂಬ ಮಕ್ಕಳು, ಮೊಮ್ಮಕ್ಕಳು. ತಂಗಿ ಶಿವಲಕ್ಷ್ಮಮ್ಮನನ್ನು ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿಗೆ ಕೊಟ್ಟಿತ್ತು. ಅವಳ ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಲೆಕ್ಕ ಹಾಕಿದರೆ ಹೊಟ್ಟೆ ಉರಿಯಬೇಕಾದವಳು ತಂಗಿ. ಆದರೆ ತಾಯಿ ಸಾಯುವಾಗ ತನ್ನ ಕೊರಳ ಬಂಗಾರದ ಗುಂಡಿನ ಸರವನ್ನು ಬಿಚ್ಚಿ ಚಿಕ್ಕವಳ ಕೊರಳಿಗೆ ಹಾಕಿದ್ದಳು. "ನೀನು ಗಟ್ಟಿಗಿತ್ತಿ ಕಣೆ, ನಿಂಗ್ಯಾಕೆ?" ಎಂದು ದೊಡ್ಡವಳಿಗೆ ಹೇಳಿದ್ದಳು. ಆ ಮಾತು ಪಂಪಮ್ಮನ ಎದೆಯಲ್ಲಿ ಮುರಿದ ಮುಳ್ಳಾಗಿ ಅಲ್ಲೇ ಉಳಿದಿತ್ತು. ತಂಗಿಯನ್ನು ನೋಡಿದಾಗಲೆಲ್ಲ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಕೊರಳಿಗೆ, ಆಮೇಲೆ ಮುಖಕ್ಕೆ.

ಆಂಧ್ರ ಬೇರೆ ರಾಜ್ಯವಾದ ಹೊಸತರಲ್ಲಿ, ಒಂದು ದಿನ ಊಟಕ್ಕೆ ಬಂದ ಗಂಡ ಸುದ್ದಿ ತಂದ.

"ನಿನ್ ತಂಗಿ ಪುಣ್ಯವಂತೆ ಕಣೆ. ಅವಳ ಮನ್ಯಾಗೆ ಯಾರೋ ದೊಡ್ಡ ಅಯ್ನೋರು ಬಂದು ಇದಾರಂತೆ. ಬೆಳುಗುಪ್ಪ, ಕಂಬದೂರಿಂದೆಲ್ಲ ಜನ ಬತ್ತಾವ್ರಂತೆ. ಇವಳಿಗೂ ಮೈಮ್ಯಾಲೆ ಶಿವನ ಕಳೆ ಬಂದೈತಂತೆ."

ಪಂಪಮ್ಮ ಸಾರಿನ ಸೌಟನ್ನು ಪಾತ್ರೆಗೆ ಎಸೆದಳು. "ನಮ್ ಜಗುಲಿಮ್ಯಾಲೇನು ಮುಳ್ಳು ಬೆಳ್ದೈತಾ? ಆ ಶಿವನಿಗೆ ಹಿಂದೂಪುರದ ದಾರಿ ಗೊತ್ತಿಲ್ವಾ?"

ಮರುದಿನ ಬೆಳಿಗ್ಗೆಯೇ ಬಸ್ಸಿಗೆ ಹೊರಟಳು. ಬಾಗಿಲಲ್ಲಿ ಪರಿಗಿಯಿಂದ ಮೊಸರು ತರುವ ಮುನಿಯಕ್ಕ ಎದುರಾದಳು. ವಿಷಯ ಕೇಳಿ ಮೊಸರಿನ ಗಡಿಗೆ ಇಳಿಸಿ ಕೈಮುಗಿದಳು. "ನಮ್ಮೂರಾಗೂ ಹಿಂಗೇ ಆಯ್ತಮ್ಮ. ನಿಮ್ಮೋರೇ, ಒಂಟಿ ಮುದುಕಿ. ಮನ್ಯಾಗೆ ಅಯ್ನೋರ್ನ ಇಟ್ಕಂಡಿದ್ಲು. ಮೈಮ್ಯಾಲೆ ದೇವ್ರು ಬಂದು, ಗಾಳ್ಯಾಗೆ ಹೂ ಕೀಳ್ತಾ ಕೀಳ್ತಾನೇ ಶಿವನ ಪಾದ ಸೇರ್ಬುಟ್ಳು. ಮೈಮ್ಯಾಲಿನ ಬಂಗಾರಾನೂ ಮಠಕ್ಕೆ ಕೊಟ್ಬುಟ್ಟಿದ್ಲಂತೆ. ಅಂಥಾ ಸಾವು ಯಾರಿಗೆ ಬತ್ತದೆ?"

ಪಂಪಮ್ಮನಿಗೆ ಪರಿಗಿಯ ಆ ಸತ್ತ ಮುದುಕಿಯ ಮೇಲೂ ಅಸೂಯೆಯಾಯಿತು.

ತಂಗಿಯ ಅಂಗಳದಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ನಡುಮನೆಯ ಮಣೆಯ ಮೇಲೆ ಶಿವಲಕ್ಷ್ಮಮ್ಮ ಕುಳಿತಿದ್ದಳು. ಮುಖ ಕೆಂಪೇರಿತ್ತು, ಕಣ್ಣಪಾಪೆ ಅರಳಿ ಇಡೀ ಕಣ್ಣೇ ಕಪ್ಪಾಗಿತ್ತು. ಎರಡು ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಕಿತ್ತು, ಕಾಣದ ದಾರಕ್ಕೆ ಪೋಣಿಸುತ್ತಿದ್ದಳು. ಜನ ಸಾಲಾಗಿ ಅವಳ ಕಾಲು ಮುಟ್ಟುತ್ತಿದ್ದರು. "ಚೂಡಮ್ಮಾ, ಆ ಮುಖದಾಗಿನ ಕಳೆ ನೋಡು!" ಎಂದು ಯಾರೋ ಪಿಸುಗುಟ್ಟಿದರು. ತಾನು ಎತ್ತಿ ಆಡಿಸಿದ ಹುಡುಗಿ, ತಾನು ತಲೆ ಬಾಚಿ ಹೇನು ತೆಗೆದ ಹುಡುಗಿ! ಅವಳ ಕಾಲಿಗೆ ಊರು ಬೀಳುತ್ತಿದೆ.

ರೂಢಿಯಂತೆ ಪಂಪಮ್ಮನ ಕಣ್ಣು ತಂಗಿಯ ಕೊರಳಿಗೆ ಹೋಯಿತು. ಸರವಿರಲಿಲ್ಲ.

"ಅಯ್ನೋರ್ಗೆ ಕೊಟ್ಟೀನಿ," ಎಂದಳು ಶಿವಲಕ್ಷ್ಮಮ್ಮ, ನಾಲಿಗೆ ಒಣಗಿದವಳಂತೆ ತೊದಲುತ್ತ. "ತೀರ್ಥದಾಗೆ ಅದ್ದಿ ಕೊಡ್ತಾರೆ."

ಇಷ್ಟು ವರ್ಷದಲ್ಲಿ ಒಡಹುಟ್ಟಿದವಳಿಗೆ ಒಂದು ಮದುವೆಗೆಂದೂ ಎರವಲು ಕೊಡದ ಸರವನ್ನು ನಿನ್ನೆ ಮೊನ್ನೆ ಬಂದವನಿಗೆ ಕೊಟ್ಟಿದ್ದಳು.

ಆ ಗಳಿಗೆಯಿಂದ ಪಂಪಮ್ಮ ಅಯ್ಯನ ಮೇಲೆ ಕಣ್ಣು ನೆಟ್ಟಳು. ತಪ್ಪು ಹುಡುಕುವುದಷ್ಟೇ ಅವಳ ಉದ್ದೇಶ. ನಲವತ್ತರ ಆಳು, ಕಾವಿ ಬಟ್ಟೆ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಪೂಜೆಗೆ ಬಾಗಿಲು ಹಾಕಿಕೊಳ್ಳುತ್ತಾನೆ: ಜಂಬ. ಬಾಯಿ ಮುಚ್ಚದೆ ಅಗಿಯುತ್ತಾನೆ: ಸಂಸ್ಕಾರವಿಲ್ಲ. ಚೊಂಬು ಎತ್ತಲು ಬಗ್ಗಿದಾಗ ಕರಡಿಗೆ ಜೋತಾಡಿ ಚೊಂಬಿನ ಕಂಠಕ್ಕೆ ಠಣ್ ಎಂದು ಬಡಿಯಿತು: ಒರಟ. ಇಷ್ಟನ್ನೂ ಅವಳು ಮನಸ್ಸಿನಲ್ಲಿ ಕೂಡಿಟ್ಟುಕೊಂಡಳು.

ಸಂಜೆ ಎಲ್ಲರಿಗೂ ಒಂದೇ ಬೋಗುಣಿಯಿಂದ ಪಾದೋದಕ ಸಿಕ್ಕಿತು. ಶಿವಲಕ್ಷ್ಮಮ್ಮನಿಗೆ ಮಾತ್ರ ಬೇರೆ ಬಟ್ಟಲಿನಲ್ಲಿ ಹಾಲು.

"ನಂಗೂ ಆ ಹಾಲೇ ಕೊಡಿ, ಅಯ್ನೋರೇ. ನಾನು ಇವಳ ಅಕ್ಕ."

"ಅದಕ್ಕೆ ಯೋಗ್ಯತೆ ಬರಬೇಕು ತಾಯೀ," ಎಂದು ಅಯ್ಯ ನಕ್ಕ. ಸುತ್ತಲಿದ್ದವರೂ ನಕ್ಕರು.

ಅವನು ಕಂಬದೂರಿನ ಭಕ್ತರ ಕಡೆ ತಿರುಗಿದ. ಶಿವಲಕ್ಷ್ಮಮ್ಮ ತೂಕಡಿಸುತ್ತಿದ್ದಳು. ಪಂಪಮ್ಮ ಅವಳ ಮುಂದಿದ್ದ ಬಟ್ಟಲನ್ನೆತ್ತಿ ಒಂದೇ ಗುಟುಕಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಾಲು ಕಹಿಯಾಗಿತ್ತು. ತಂಗಿಯದು ತನ್ನ ಹೊಟ್ಟೆ ಸೇರಿತಲ್ಲ, ಆ ಸಿಹಿ ಸಾಕಾಗಿತ್ತು.

ಸ್ವಲ್ಪ ಹೊತ್ತಿಗೆ ಬಾಯಿ ಅರಳೆಯಂತೆ ಒಣಗಿತು. ಗೋಡೆ ಉಸಿರಾಡತೊಡಗಿತು. ಬೀಸುವ ಕಲ್ಲಿನ ಬಳಿ ತಾಯಿ ಕೂತು ರಾಗಿ ಬೀಸುತ್ತಿದ್ದಳು, ಕೊರಳಲ್ಲಿ ಗುಂಡಿನ ಸರ. "ಅವ್ವಾ, ನಂಗ್ಯಾಕೆ ಕೊಡ್ಲಿಲ್ಲ?" ಎಂದು ಪಂಪಮ್ಮ ಕೈಚಾಚಿದಳು. ತಾಯಿ ತಲೆ ಎತ್ತಲಿಲ್ಲ. ಗುಂಡುಗಳು ಒಂದೊಂದಾಗಿ ಗಾಳಿಗೆ ಹಾರಿದವು. ಪಂಪಮ್ಮ ಬೆರಳಿನಿಂದ ಹಿಡಿದು ಹಿಡಿದು ಕೀಳತೊಡಗಿದಳು.

"ಅಯ್ಯೋ, ಅಕ್ಕಂಗೂ ಬಂದ್ಬುಡ್ತು ಕಣ್ರಮ್ಮ!" ಎಂದು ಹೆಂಗಸರು ಕೂಗಿದರು. ಯಾರೋ ಅವಳ ಕಾಲು ಮುಟ್ಟಿದರು. ಆ ಒಂದು ಗಳಿಗೆ ಪಂಪಮ್ಮನಿಗೆ ಜನ್ಮ ಸಾರ್ಥಕವೆನಿಸಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ತನ್ನ ಬೆರಳುಗಳನ್ನು ತಾನೇ ನೋಡಿದಾಗ ಎಲ್ಲೋ ಕಂಡಂತಾಯಿತು. ಮಂಡಿಯ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದ ಕುಡುಕರು! ದತ್ತೂರಿಯ, ಅದೇ ಉಮ್ಮತ್ತಿಯ, ಬೀಜ ಬೆರೆಸಿದ ಸೇಂದಿ ಕುಡಿದವರು ಹೀಗೆಯೇ ಗಾಳಿ ಕೀಳುತ್ತಿದ್ದರು, ಹೀಗೆಯೇ ಕಣ್ಣು ಅರಳಿರುತ್ತಿತ್ತು. ಪರಿಗಿಯ ಮುದುಕಿಯೂ ಹೂ ಕೀಳುತ್ತಲೇ ಸತ್ತಳು, ಬಂಗಾರವೂ ಹೋಯಿತು. ಅವಳು ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಹುಣಸೆ ನೀರು ಕಲಸಿ ಕುಡಿದು, ಕರುಳು ಬಾಯಿಗೆ ಬರುವಂತೆ ಕಕ್ಕಿದಳು.

ಬೆಳಗಾದಾಗ ಪಂಪಮ್ಮನಿಗೆ ತಲೆ ಸಿಡಿಯುತ್ತಿತ್ತು. ಆದರೆ ಹಾಲು ತಪ್ಪಿದ ಶಿವಲಕ್ಷ್ಮಮ್ಮ ಎದ್ದು ಕೂತು, "ಅಕ್ಕಾ, ಯಾವಾಗ ಬಂದ್ಯೆ? ಒಂಚೂರು ಮಜ್ಜಿಗೆ ಕೊಡ್ತೀಯಾ?" ಎಂದು ಸರಿಯಾಗಿ ಮಾತಾಡಿದಳು.

ಪಂಪಮ್ಮ ನೇರವಾಗಿ ತಮ್ಮವರ ಹಿರಿಯ ಅಮರೇಶಪ್ಪನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಪಂಪಕ್ಕ," ಎಂದ ಅಮರೇಶಪ್ಪ, "ನಿನ್ ಹೊಟ್ಟೆಕಿಚ್ಚು ಎರಡು ತಾಲ್ಲೂಕಿಗೂ ಗೊತ್ತೈತೆ. ತಂಗಿಗೆ ದೇವ್ರು ಬಂದ್ರೆ ಅದು ಉಮ್ಮತ್ತೀನಾ? ಸಾಕು, ಊರಿಗೆ ಹೋಗವ್ವ."

ಅವನದು ತಪ್ಪಿರಲಿಲ್ಲ. ತನ್ನ ಮಾತನ್ನು ತಾನೇ ಕೇಳಿದ್ದರೂ ಅವಳು ನಂಬುತ್ತಿರಲಿಲ್ಲ. ಸಂಜೆ ಮತ್ತೆ ಹಾಲು ಬರುತ್ತದೆ; ಇಂದು ತಡೆದರೆ ನಾಳೆ ಬರುತ್ತದೆ. ಹೆಚ್ಚು ದಿನ ತಂಗಿ ಉಳಿಯುವುದಿಲ್ಲ.

ಮನೆಗೆ ಬಂದವಳು ಹೊಟ್ಟೆ ತೊಳಸಿ ಮತ್ತೊಮ್ಮೆ ಹಿತ್ತಲಿನಲ್ಲಿ ಬಗ್ಗಿದಳು. ಬಗ್ಗುವಾಗ ಎಡಗೈ ತಾನಾಗಿಯೇ ಎದೆಗೆ ಬಂದು ಸೀರೆಯ ಒಳಗಿದ್ದ ಲಿಂಗವನ್ನು ಅವುಚಿ ಹಿಡಿಯಿತು. ಹುಟ್ಟಿದಾಗಿನಿಂದ ಲಿಂಗ ಕಟ್ಟಿಕೊಂಡವರ ಕೈ ಅದು. ಬಾವಿಗೆ ಬಗ್ಗಲಿ, ಒಲೆಗೆ ಬಗ್ಗಲಿ, ಲಿಂಗ ಜೋತಾಡಲು ಬಿಡದು. ಅವಳ ಕಿವಿಯಲ್ಲಿ ಚೊಂಬಿನ ಠಣ್ ಸದ್ದು ಮತ್ತೆ ಕೇಳಿಸಿತು.

ಮಧ್ಯಾಹ್ನ ನಡುಮನೆ ತುಂಬಿತ್ತು. ಅಯ್ಯನ ಪಕ್ಕದಲ್ಲೇ ಅಮರೇಶಪ್ಪ ಕುಳಿತಿದ್ದ. ವಿಭೂತಿ ಉಂಡೆಗಳ ತಟ್ಟೆ ಹಿಡಿದು ಬಂದ ಪಂಪಮ್ಮ ಹೊಸ್ತಿಲಲ್ಲಿ ಎಡವಿದಳು. ಉಂಡೆಗಳು ನೆಲದ ತುಂಬ ಉರುಳಿದವು. ವಿಭೂತಿ ಕಾಲಿಗೆ ಸಿಕ್ಕಬಾರದೆಂದು ಎಲ್ಲರೂ ಎದ್ದು ಆಯಲು ಬಗ್ಗಿದರು, ಅಯ್ಯನೂ ಬಗ್ಗಿದ.

"ಹಂಗೇ ಇರ್ರಪ್ಪಾ!" ಎಂದು ಪಂಪಮ್ಮ ಗುಡುಗಿದಳು. "ಯಾರೂ ಕದಲಬ್ಯಾಡಿ. ಅಮರೇಶಪ್ಪ, ನಿನ್ ಎಡಗೈ ಎಲ್ಲೈತೆ ನೋಡ್ಕೊ. ಎಲ್ಲಾರ್ದೂ ನೋಡು. ಆಮ್ಯಾಕೆ ಅಯ್ನೋರ್ದು ನೋಡು."

ಬಗ್ಗಿದವರೆಲ್ಲರ ಎಡಗೈ ಎದೆಯ ಮೇಲಿತ್ತು. ಅಯ್ಯನ ಎರಡು ಕೈಯಲ್ಲೂ ವಿಭೂತಿ ಉಂಡೆಗಳಿದ್ದವು. ಬೆಳ್ಳಿಯ ಕರಡಿಗೆ ಕೊರಳಿಂದ ಇಳಿಬಿದ್ದು ನೆಲಕ್ಕೆ ತಾಗಿ ಹೊಯ್ದಾಡುತ್ತಿತ್ತು.

ಅಮರೇಶಪ್ಪ ನಿಧಾನವಾಗಿ ನೆಟ್ಟಗಾದ. ಅವನ ಮುಖದ ಬಣ್ಣ ಬದಲಾಗಿತ್ತು. "ಅಯ್ನೋರೇ, ಕರಡಿಗೆ ಬಿಚ್ಚಿ. ಲಿಂಗ ಅಂಗೈಮ್ಯಾಲೆ ಇಡಿ."

"ನಮ್ಮ ಪೂಜೆ ಏಕಾಂತದಲ್ಲಿ..." ಎನ್ನುತ್ತಲೇ ಅವನು ಬಾಗಿಲಿಗೆ ನುಗ್ಗಿದ. ಹೊಸ್ತಿಲಲ್ಲಿ ಪಂಪಮ್ಮ ನಿಂತಿದ್ದಳು, ಕೈಯಲ್ಲಿ ಹಿತ್ತಾಳೆ ತಟ್ಟೆ. ಅವಳು ಹೊಡೆದದ್ದು ತಲೆಗೆ ಎನ್ನುವವರಿದ್ದಾರೆ, ಮೂಗಿಗೆ ಎನ್ನುವವರೂ ಇದ್ದಾರೆ. ಬಿದ್ದವನನ್ನು ಕಂಬದೂರಿನವರು ಅಮುಕಿ ಹಿಡಿದರು. ಕರಡಿಗೆಯೊಳಗೆ ಲಿಂಗವಿರಲಿಲ್ಲ. ಗುಂಡಿನ ಸರ ಸುತ್ತಿಕೊಂಡು ಮಲಗಿತ್ತು. ಅದರಡಿಯಲ್ಲಿ ಬಟ್ಟೆಯ ಚೂರಿನಲ್ಲಿ ಕಟ್ಟಿದ ಉಮ್ಮತ್ತಿ ಬೀಜದ ಪುಡಿ. ಪೊಲೀಸರು ಬಂದ ಮೇಲೆ ಪರಿಗಿಯ ಬಂಗಾರದ ವಿಷಯವೂ ಹೊರಬಿತ್ತು.

ಕೆಲವೇ ದಿನಗಳಲ್ಲಿ ಶಿವಲಕ್ಷ್ಮಮ್ಮ ಚೇತರಿಸಿಕೊಂಡಳು. ಊರೆಲ್ಲ ಮತ್ತೆ ಅವಳನ್ನೇ ನೋಡಲು ಬಂತು. "ಇವಳ ಭಕ್ತೀನೇ ಇವಳನ್ನ ಕಾಪಾಡ್ತು," ಎಂದರು. ಪಂಪಮ್ಮ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕಾಸುತ್ತ ಹಲ್ಲು ಕಡಿದಳು.

ಪಂಪಮ್ಮ ಹೊರಡುವ ದಿನ ಶಿವಲಕ್ಷ್ಮಮ್ಮ ಸರವನ್ನು ಬಿಚ್ಚಿ ಅಕ್ಕನ ಕೈಗಿಟ್ಟಳು. "ನನ್ ಪಾಲಿನ ಹಾಲು ನೀನು ಹೊಟ್ಟೆಕಿಚ್ಚಿಗೆ ಕುಡಿದ್ಯಂತೆ?"

"ಹೂಂ ಕಣೆ. ಮತ್ತಿನ್ನೇನು, ಪಿರೂತಿಗಾ?"

"ಇದನ್ನೂ ಇಟ್ಕೋ, ತಗಾ."

ಪಂಪಮ್ಮ ಸರ ಹಾಕಿಕೊಂಡು ಗೋಡೆಯ ಕನ್ನಡಿಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. ಅಲ್ಲಿ ಇದ್ದದ್ದು ಸುಕ್ಕುಗಟ್ಟಿದ ಒಂದು ಕೊರಳು. ಕಣ್ಣು ಹಾಕಲು ಎದುರಿಗೆ ಯಾರೂ ಇರಲಿಲ್ಲ. ಅವಳು ಸರ ಬಿಚ್ಚಿ ತಂಗಿಯ ಕೊರಳಿಗೆ ಹಾಕಿ, ಕೊಂಡಿಯನ್ನು ನೋಯುವಷ್ಟು ಬಿಗಿಯಾಗಿ ಅಮುಕಿದಳು.

"ನಿನ್ ಕತ್ತಾಗೇ ಇರ್ಲಿ. ಮುಂದಿನ ತಿಂಗಳು ನೋಡಕ್ಕೆ ಬತ್ತೀನಿ. ಇನ್ಯಾವನಿಗಾದ್ರೂ ಬಿಚ್ಚಿ ಕೊಟ್ಟೆ ಅಂದ್ರೆ, ನೋಡು, ತಟ್ಟೆ ನಿನ್ ತಲೆಮ್ಯಾಲೆ ಬೀಳ್ತದೆ!"

ಗಂಟು ಎತ್ತಿಕೊಳ್ಳಲು ಬಗ್ಗಿದಳು. ಎಡಗೈ ಎದೆಯ ಮೇಲಿತ್ತು.