ರಾಗಿಯಲ್ಲಿ ಬಿದ್ದ ಜಾಡು

ಎಳೆಯ ನಕ್ಷತ್ರವೊಂದರ ಸುತ್ತ ಗ್ರಹಗಳು ಹುಟ್ಟುವ ದೂಳಿನ ತಟ್ಟೆಯಲ್ಲಿ ಖಾಲಿ ಜಾಡೊಂದು ಕಂಡಿತ್ತು. ಗುರುವಿನಂಥ ದೈತ್ಯ ಗ್ರಹ ಅಲ್ಲಿ ಸುತ್ತುತ್ತಿದೆ ಎಂದು ನಾನು ಪ್ರಬಂಧ ಬರೆದೂ ಬಿಟ್ಟಿದ್ದೆ. ಈ ಬೆಳಿಗ್ಗೆ ಅದೇ ತಟ್ಟೆಯ ಅನಿಲದ ಚಿತ್ರ ಬಂತು. ದೈತ್ಯನಿದ್ದರೆ ಆ ಜಾಡಿನಲ್ಲಿ ಅನಿಲವೂ ತೆಳುವಾಗಿರಬೇಕಿತ್ತು. ಆದರೆ ಅನಿಲ ಎಳ್ಳಷ್ಟೂ ಕದಲಿರಲಿಲ್ಲ.

ಕೂತಲ್ಲಿ ಕೂರಲಾಗದೆ, ಲ್ಯಾಪ್‌ಟಾಪನ್ನು ಜಗಲಿಯಲ್ಲಿಟ್ಟು ಮನೆಮುಂದಿನ ರಾಯಕೋಟೆ ರಸ್ತೆಯಂಚಿನಲ್ಲಿ ಅತ್ತಿಂದಿತ್ತ ನಡೆಯತೊಡಗಿದೆ. ಅಲ್ಲಿ ಅಜ್ಜಿ ಮಂಗಮ್ಮ ರಾಗಿ ಒಣಹಾಕಿ ಕೂತಿದ್ದಳು.

"ಚಪ್ಲಿ ಕಾಲಲ್ಲಿ ರಾಗಿ ತುಳೀತಿದ್ದೀಯಲ್ಲಮ್ಮಿ ಮುನಿರತ್ನ. ಸುತ್ಲೇಬೇಕು ಅಂದ್ರೆ ಚಪ್ಲಿ ಬಿಟ್ಟು ಕಾಲೆಳ್ಕೊಂಡು ಸುತ್ತು. ರಾಗಿನಾದ್ರೂ ಒಣಗ್ಲಿ."

ಬೈಸಿಕೊಂಡ ಸಿಟ್ಟಿನಲ್ಲಿ ಚಪ್ಪಲಿ ಎಸೆದು, ರಾಗಿಯೊಳಗೆ ಕಾಲೆಳೆಯುತ್ತ ಸುತ್ತಿದೆ. ಕಾಳು ಎರಡೂ ಬದಿಗೆ ಸರಿದು ಡಾಂಬರು ಕಂಡಿತು. ಅಷ್ಟರಲ್ಲಿ ಕಲ್ಲು ತುಂಬಿದ ಲಾರಿಯೊಂದು ಭರ್ರೆಂದು ಹೋಯಿತು. ಅದರ ಗಾಳಿಗೆ ಅಜ್ಜಿಯ ಸೆರಗು ಹಾರಿ ಮುಖಕ್ಕೆ ಬಡಿಯಿತು.

ನಾನು ನಿಂತುಬಿಟ್ಟೆ. ಇಷ್ಟು ಹೊತ್ತು ಅವಳ ಪಕ್ಕದಲ್ಲೇ ಓಡಾಡಿದ್ದೆ. ಆ ಸೆರಗಿನ ಅಂಚೂ ಅಲುಗಿರಲಿಲ್ಲ. ಗಾಳಿ ಕದಲದಿದ್ದರೂ ರಾಗಿಯಲ್ಲಿ ಜಾಡು ಬಿದ್ದಿತ್ತು. ಕಾಳು ಸರಿಸಲು ಲಾರಿಯೇ ಬರಬೇಕಿಲ್ಲ.

"ಅಜ್ಜಿ, ಆ ದೂಳಲ್ಲಿ ಸುತ್ತೋ ಗ್ರಹ ದೊಡ್ಡದಲ್ಲ. ನಾನು ತಪ್ಪು ಬರ್ದಿದ್ದೀನಿ. ಅದು ಚಿಕ್ಕದು."

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಚಿಕ್ಕದಾದ್ರೆ ಏನೀಗ? ಅದೇನು ನಿಂತ್ಕೊಂಡಿಲ್ವಲ್ಲ. ನೀನೂ ನಿಲ್ಬ್ಯಾಡ, ಆ ಮೂಲೇಲಿ ಇನ್ನೂ ಹಸಿ ಐತೆ."