ಒಂದೊಂದು ಹಿಡಿ

“ಬೂಜಾ? ರೇಷ್ಮೆಹುಳದ ಮನೆ ಇರೋ ಜಾಗಕ್ಕೆ ಬೂಜು ತರ್ತೀಯೇನೇ? ಸುಣ್ಣಕಟ್ಟು ರೋಗ ಬಂದ್ರೆ ಹುಳ ಎಲ್ಲಾ ಸೀಮೆಸುಣ್ಣದಂಗೆ ಬಿದ್ದೋಗ್ತವೆ!”

ನನ್ನ ಕೈಯಲ್ಲಿದ್ದ ಶಿಲೀಂಧ್ರದ ಪೊಟ್ಟಣವನ್ನು ಅತ್ತೆ ಗಂಗರತ್ನಮ್ಮ ದೂರದಿಂದಲೇ ನೋಡಿದರು.

“ಇದು ಬೇರೆ ಜಾತಿ ಅತ್ತೆ. ಬೇರಿನ ಹತ್ರಾನೇ ಇರುತ್ತೆ, ಹುಳದ ತಂಟೆಗೆ ಬರಲ್ಲ.”

“ಬೂಜಿಗೂ ಜಾತಿ ಹೇಳ್ಕೊಟ್ಟಿದ್ದಾರಾ ನಿಮ್ಮ ಕಾಲೇಜ್ನೋರು?”

ನಂಗಲಿಯ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಹಳದಿ ತಿರುಗಿತ್ತು, ರೇಷ್ಮೆಗೂಡು ತೆಳುವಾಗುತ್ತಿತ್ತು. ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಮಣ್ಣು ಪರೀಕ್ಷೆ ಮಾಡಿಸಿದೆ. ವರ್ಷಗಟ್ಟಲೆ ಹಾಕಿದ ಡಿಎಪಿ ಗೊಬ್ಬರದ ರಂಜಕ ಮಿತಿಮೀರಿತ್ತು. ರಂಜಕ ಹೆಚ್ಚಾದರೆ ಗಿಡಕ್ಕೆ ಸತು ಸಿಗುವುದಿಲ್ಲ. ಬೇರಿನೊಳಗೆ ನೆಲೆಸಿ ಸತು ತಂದುಕೊಡುವ ಶಿಲೀಂಧ್ರವನ್ನೂ ಗಿಡ ಸೇರಿಸುವುದಿಲ್ಲ. ಹೊಟ್ಟೆ ತುಂಬಿದ ಬೇರು ಬಾಗಿಲು ಹಾಕಿಕೊಳ್ಳುತ್ತದೆ.

ತೋಟ ಕಿತ್ತು ಟೊಮೆಟೊ ಹಾಕುತ್ತೇನೆ ಎಂದು ನನ್ನ ಗಂಡ ವೆಂಕಟ್ ಹೊರಟಿದ್ದ. ನಾನು ಒಂದು ಅವಕಾಶ ಕೇಳಿದೆ. ಮೂಲೆಯಲ್ಲಿ ಎರಡು ಸಾಲು ಹೊಸ ಸಸಿ, ಗುಂಡಿಗೆ ಬದುವಿನಾಚೆಯ, ಗೊಬ್ಬರ ಕಾಣದ ಬೀಳು ಭೂಮಿಯ ಕೆಮ್ಮಣ್ಣು, ಬುಡಕ್ಕೆ ಈ ಶಿಲೀಂಧ್ರ. ಬೇರು ಹಿಡಿದರೆ ತೋಟವನ್ನೆಲ್ಲ ಹೀಗೇ ಸರಿಪಡಿಸೋಣ ಎಂದೆ. “ಇಲ್ಲಾಂದ್ರೆ ಜೆಸಿಬಿ. ಆಮೇಲೆ ಇನ್ನೊಂದು ಸಲ ಅನ್ನಂಗಿಲ್ಲ” ಎಂದ.

ಸೊಪ್ಪು ಹೋದರೆ ಹುಳದ ಮನೆಯೂ ಹೋಗುತ್ತದೆ. ಹುಳದ ಮನೆ ಅತ್ತೆಯದು. ಅಲ್ಲಿ ವೆಂಕಟನೂ ಅವರನ್ನು ಕೇಳಿಯೇ ಕಾಲಿಡಬೇಕು. ಅದಕ್ಕೇ ಇರಬೇಕು, ಕೊನೆಗೆ ಅವರೇ ಒಪ್ಪಿದರು. ಸಸಿ ಮುಟ್ಟಿದ ದಿನಗಳಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿದ ಮೇಲೆಯೇ ನನ್ನನ್ನು ಒಳಗೆ ಬಿಡುತ್ತಿದ್ದರು.

ಸಸಿಗಳು ಮೊದಲು ಸೊರಗಿದಂತೆ ಕಂಡವು. ನಾನು ದಿನವೂ ಹೋಗಿ ನೋಡುತ್ತಿದ್ದೆ. ಆಮೇಲೆ ಇದ್ದಕ್ಕಿದ್ದಂತೆ ಚಿಗುರಿದವು. ಸಂತೋಷಪಡಬೇಕಿತ್ತು. ಆಗಲಿಲ್ಲ. ಅಷ್ಟು ಬೇಗ ಚಿಗುರಿದ್ದು ನನಗೆ ಸರಿಕಾಣಲಿಲ್ಲ.

ಬೇರಿನ ತುಣುಕುಗಳನ್ನು ಶಾಲೆಗೆ ಒಯ್ದು, ಶಾಯಿ ಮತ್ತು ವಿನೆಗರ್‌ನಲ್ಲಿ ಕುದಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಶಿಲೀಂಧ್ರ ಹಿಡಿದಿದ್ದರೆ ಒಳಗೆ ನೀಲಿ ಎಳೆಗಳು ಕಾಣಬೇಕು. ತುಣುಕು ಬದಲಿಸಿದೆ, ಮತ್ತೆ ಬದಲಿಸಿದೆ. ಬೇರು ಗಾಜಿನಂತೆ ಖಾಲಿಯಾಗಿತ್ತು.

ಸಂಜೆ ನೇರವಾಗಿ ತೋಟಕ್ಕೆ ಹೋಗಿ ಒಂದು ಸಸಿಯ ಬುಡ ಕೆದಕಿದೆ. ಕೆಮ್ಮಣ್ಣಿನಲ್ಲಿ ಬೂದು ಬಣ್ಣದ ಕಾಳುಗಳು, ಅರ್ಧ ಕರಗಿದವು. ಪಕ್ಕದ ಬುಡದಲ್ಲೂ ಇದ್ದವು.

“ಏನಮ್ಮಾ ಹುಡುಕ್ತಿದೀಯ?” ಸೊಪ್ಪಿನ ಕುಕ್ಕೆ ಹಿಡಿದು ಅತ್ತೆ ಬಂದರು.

“ಡಿಎಪಿ ಹಾಕಿದ್ರಾ ಅತ್ತೆ?”

“ಒಂದೊಂದು ಹಿಡಿ ಅಷ್ಟೇ.” ಅವರ ದನಿ ತಗ್ಗಿತು. “ಪಾಪಂ, ಬರೀ ಬೂಜು ನಂಬ್ಕೊಂಡು ಬದುಕ್ತವಾ? ವೆಂಕಟ ದಿನಾ ಬಂದು ನೋಡಿ ನಗ್ತಿದ್ದ. ನೀನು ಸೋಲಬಾರ್ದು ಅಂತ ಹಾಕ್ದೆ. ನೋಡು, ಹೆಂಗೆ ಎದ್ದವೆ!”

ಅಷ್ಟರಲ್ಲಿ ಬೈಕಿನ ಸದ್ದಾಯಿತು. ವೆಂಕಟ್ ಇಳಿಯುತ್ತಲೇ ಕೇಳಿದ: “ಏನ್ ಮೇಡಂ, ನೀಲಿ ಬಂತಾ?”

“ಹಿಡಿದಿಲ್ಲ.”

“ಯಾಕೆ?”

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಟೊಮೆಟೊಗೆ ಊರುಗೋಲುಗಳು ಆಗಲೇ ಬಂದು ಅಂಗಳದಲ್ಲಿ ಬಿದ್ದಿದ್ದವು. ನಿಜ ಹೇಳಿದರೂ ಅವು ವಾಪಸು ಹೋಗುತ್ತಿರಲಿಲ್ಲ. ತೋಟ ಹೋಗಿದ್ದು ಅತ್ತೆಯಿಂದಲೇ ಎಂಬ ಮಾತೊಂದು ಮನೆಯಲ್ಲಿ ಉಳಿಯುತ್ತಿತ್ತು.

“ಮಣ್ಣು ಒಗ್ಗಲಿಲ್ಲ” ಎಂದೆ.

ಜೆಸಿಬಿ ಬಂದ ದಿನ ನಾನು, ಅತ್ತೆ ಬದುವಿನ ಮೇಲೆ ನಿಂತಿದ್ದೆವು. ಹಳೆಯ ಸಾಲುಗಳೆಲ್ಲ ಮುಗಿದ ಮೇಲೆ ಅದು ಮೂಲೆಗೆ ತಿರುಗಿತು. ಹಸಿರಾಗಿದ್ದ ಸಸಿಗಳು ಬೇರುಸಮೇತ ಮೇಲೆ ಬಂದವು.

“ಸುನಂದಾ,” ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು, “ಇನ್ನೊಂದೊಂದು ಹಿಡಿ ಹಾಕಿದ್ದಿದ್ರೆ ಉಳೀತಿದ್ವೇನೋ, ಅಲ್ವಾ?”

ನಾನು ಹೂಂ ಎಂದೆ.